ಮುನ್ಸೂಚನೆ ಗೋದಾಮಿನ ಬಾಗಿಲಿಗೆ ತಲುಪಲಿ

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನೆರೆಯು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ವರ್ತಕರ ದಾಸ್ತಾನನ್ನು ನೀರುಪಾಲು ಮಾಡಿತು. ತರುವಾಯ ಮುನ್ಸೂಚನೆಯ ವ್ಯವಸ್ಥೆ ಸುಧಾರಿಸಿದೆ. ಕೇಂದ್ರ ಜಲ ಆಯೋಗವು 2023ರ ಆಗಸ್ಟ್‌ನಲ್ಲಿ ಹೊರತಂದ ‘ಫ್ಲಡ್‌ವಾಚ್’ ಮೊಬೈಲ್ ಆ್ಯಪ್‌ನಿಂದ 24 ಗಂಟೆಗಳವರೆಗಿನ ಮುನ್ಸೂಚನೆಯೂ 7 ದಿನಗಳವರೆಗಿನ ಸಲಹಾ ಸೂಚನೆಯೂ ಸಾರ್ವಜನಿಕರಿಗೆ ನೇರವಾಗಿ ದೊರೆಯುವಂತಾಯಿತು. ಇದು ಸ್ವಾಗತಾರ್ಹ.

ಆದರೆ ಆರಂಭದಲ್ಲಿ ಅದರ ಸಂದೇಶಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದವು. ಮೇಲಾಗಿ, ಅದು ತಿಳಿಸುವುದು ಮಾಪನ ಕೇಂದ್ರದ ಬಳಿಯ ನೀರಿನ ಮಟ್ಟವನ್ನೇ ಹೊರತು ನಮ್ಮ ಪೇಟೆಬೀದಿಯ ಮಟ್ಟವನ್ನಲ್ಲ. ಆ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಹಾಕದಿದ್ದರೆ ನಷ್ಟ ಇಮ್ಮಡಿ. ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆಯನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)(ಎಚ್) ಅನ್ವಯ ಹಿಂತಿರುಗಿಸಬೇಕಾಗುತ್ತದೆ. ವಿಮಾ ಪರಿಹಾರ ದೊರೆತರೂ ಈ ಹೊಣೆ ತಪ್ಪದು. ಮೊದಲೇ ಸ್ಥಳಾಂತರಿಸಿದ ಸರಕಿಗೆ ತಗಲುವುದು ಲಾರಿ ಬಾಡಿಗೆ, ಹಮಾಲಿ ಮಾತ್ರ.

ಆದ್ದರಿಂದ ನದೀತೀರದ ಪ್ರತಿಯೊಂದು ವಾಣಿಜ್ಯ ಸಂಸ್ಥೆಯೂ ಹಿಂದಿನ ನೆರೆಗಳಲ್ಲಿ ಸಮೀಪದ ಕೇಂದ್ರದ ಮಟ್ಟ ಎಷ್ಟಿದ್ದಾಗ ಯಾವ ಬೀದಿಗೆ ನೀರು ಬಂದಿತೆಂಬ ಪಟ್ಟಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಲಿ. ಸರ್ಕಾರವು ಮುನ್ಸೂಚನೆಯನ್ನು ಆಯಾ ತೀರದ ಜನಭಾಷೆಯಲ್ಲಿ ನೀಡಲಿ. ಸೂಚನೆ ಅರ್ಥವಾದರೆ ಮಾತ್ರ ಸರಕು ಉಳಿದೀತು.