ಕ್ರಾಸಿಂಗಿಗೆ ನಿಂತ ಗಾಡಿ

ಸೋದರಿಯರೇ, ಈ ಸಲ ಅಡಿಗೆಮನೆ ಬಿಟ್ಟು ರೈಲ್ವೆ ಸ್ಟೇಶನ್ನಿನ ಮಾತು ತೆಗೆದಳಲ್ಲ ಎಂದು ಅಚ್ಚರಿಪಡಬೇಡಿ. ಈ ಸ್ಟೇಶನ್ ಇರುವುದು ಅಣ್ಣಿಗೇರಿಯ ನಮ್ಮ ಪಡಸಾಲೆಯಲ್ಲೇ!

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ನೋಡಿ ಬಂದಂದಿನಿಂದ ನಮ್ಮ ಕಿರಿಮಗನಿಗೆ ರೈಲಿನ ಹುಚ್ಚು. ಹಲಗೆಯ ಮೇಲೆ ಒಂಟಿ ಹಳಿ ಹಾಸಿ ಹುಬ್ಬಳ್ಳಿ, ಹೆಬಸೂರು, ಅಣ್ಣಿಗೇರಿ, ಗದಗ ಎಂದು ಚೀಟಿ ಅಂಟಿಸಿದ್ದಾನೆ. ಸ್ಟೇಶನ್ ಇದ್ದಲ್ಲಿ ಮಾತ್ರ ಎರಡು ಹಳಿ. ಓಡಲು ಎರಡು ಆಟಿಗೆ ಗಾಡಿ. ಅವುಗಳ ವೇಳಾಪಟ್ಟಿಗೆಂದು ಕಂಪ್ಯೂಟರಿನಲ್ಲಿ ತಾನೇ ಪ್ರೋಗ್ರಾಂ ಬರೆದ. ಅವನ ಗಡಿಯಾರದಲ್ಲಿ ನಮ್ಮ ಐದು ನಿಮಿಷಕ್ಕೆ ಒಂದು ತಾಸು! ಹೀಗಾಗಿ ಇಡೀ ದಿನದ ಓಡಾಟ ಎರಡೇ ತಾಸಿನಲ್ಲಿ ಮುಗಿಯುತ್ತದೆ.

ಆದರೆ ಗಾಡಿಗಳು ದಿನಾ ಡಿಕ್ಕಿ. "ಯವ್ವಾ, ಲೆಕ್ಕ ಬರೊಬ್ಬರಿ ಐತಿ. ಹಿಂಗ್ಯಾಕ ಆಗ್ತೈತಿ? ಸೋಮವಾರ ಸಾಲ್ಯಾಗ ಪ್ರದರ್ಶನ ಐತಿ" ಎಂದು ಅಳುಮೋರೆ ಮಾಡಿದ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕಂಪ್ಯೂಟರ್ ತಿಳಿಯದು. ಆದರೆ ಈಗ ಜೋಡಿ ಹಳಿಯಾಗಿರುವ ನಮ್ಮ ಮಾರ್ಗ ಹಿಂದೆ ಒಂಟಿ ಹಳಿಯಿತ್ತು. ಗದಗಿನ ತವರಿಗೆ ಹೋಗುವಾಗ ಎದುರಿನ ಗಾಡಿ ಬರುವ ತನಕ ಕ್ರಾಸಿಂಗಿಗೆಂದು ಎಷ್ಟು ಸಲ ಕಾಯ್ದು ಕುಳಿತಿಲ್ಲ! "ಗಾಡಿ ಓಡೋದನ್ನ ಬರದೀಯಪ್ಪ, ನಿಲ್ಲೋದನ್ನ ಎಲ್ಲಿ ಬರದೀ?" ಎಂದೆ.

ಚೌಕುಳಿ ಹಾಳೆ ತಂದ. ಅಡ್ಡಕ್ಕೆ ತಾಸು, ಮೇಲಿಂದ ಕೆಳಗೆ ಸ್ಟೇಶನ್ನು, ಒಂದೊಂದು ಗಾಡಿಗೆ ಒಂದೊಂದು ಓರೆಗೆರೆ. ರೈಲ್ವೆಯವರೂ ಹೀಗೇ ಗೆರೆ ಎಳೆದು ನೋಡುತ್ತಾರೆ. ಎದುರು ಬದುರಿನ ಗೆರೆಗಳು ಸ್ಟೇಶನ್ನಿನಲ್ಲಿ ಕೂಡಿದರೆ ಕ್ರಾಸಿಂಗ್, ನಡುದಾರಿಯಲ್ಲಿ ಕೂಡಿದರೆ ಡಿಕ್ಕಿ! ಎರಡು ಸ್ಟೇಶನ್ನಿನ ನಡುವೆ ಒಂದು ಗಾಡಿ ಇರುವ ತನಕ ಇನ್ನೊಂದನ್ನು ಬಿಡಬಾರದೆಂದು ಪ್ರೋಗ್ರಾಮಿಗೆ ಸೇರಿಸಿದ. ಗಾಡಿ ತಡವಾದೀತೆಂದು ಒಂದಿಷ್ಟು ಬಿಡುವನ್ನೂ ಇಟ್ಟ. ಸೋಮವಾರ ಒಂದೂ ಡಿಕ್ಕಿಯಾಗಲಿಲ್ಲ.

ಉಳಿದ ಹಾಳೆಯಲ್ಲಿ ನಾನು ನನ್ನ ದಿನವನ್ನು ಬರೆದು ನೋಡಿದೆ. ಬೆಳಿಗ್ಗೆ ಎಂಟಕ್ಕೆ ರೊಟ್ಟಿ, ಮಗನ ಡಬ್ಬಿ, ಅತ್ತೆಯವರ ಬಿ.ಪಿ. ಗುಳಿಗೆ, ಮೂರೂ ಒಂದೇ ಕಡೆ! ಹೋದ ತಿಂಗಳು ಗುಳಿಗೆ ಎರಡು ದಿನ ತಪ್ಪಿ ಅತ್ತೆಯವರು ತಲೆ ತಿರುಗಿ ಬಿದ್ದದ್ದು ಯಾಕೆಂದು ಆಗ ತಿಳಿಯಿತು. ನನ್ನನ್ನೇ ಬೈದುಕೊಂಡಿದ್ದೆ. ತಪ್ಪು ಪಟ್ಟಿಯಲ್ಲಿತ್ತು. ಐದಕ್ಕೆ ಎದ್ದ ಮೇಲೆ ರಾತ್ರಿ ಹತ್ತರ ತನಕ ಎಲ್ಲೂ ನಿಲುಗಡೆಯೇ ಇರಲಿಲ್ಲ.

ಈಗ ಗುಳಿಗೆಯ ಕೆಲಸ ನಮ್ಮ ಯಜಮಾನರದು. ಮಧ್ಯಾಹ್ನ ಮೂರಕ್ಕೆ ನನಗೆ ಇಪ್ಪತ್ತು ನಿಮಿಷ ನಿಲುಗಡೆ. ನೀವೂ ಒಂದು ಹಾಳೆ ತಗೊಂಡು ಗೆರೆ ಎಳೆದು ನೋಡಿ.

ನಿನ್ನೆ ಯಜಮಾನರು ಇಣುಕಿ, "ಈ ಗಾಡಿ ಎಷ್ಟೊತ್ತು ನಿಲ್ತೈತಿ?" ಎಂದರು.

"ಎದುರಿಂದ ಚಹಾ ಬರೋ ತನಕ" ಎಂದೆ.