ಹಗುರ ಕಿಸೆಯ ಪ್ರವಾಸಿಗರು ಮತ್ತು ವಾಡಿ ಜಂಕ್ಷನ್

ಪ್ರವಾಸೋದ್ಯಮದ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ನಮ್ಮ ಭಾಗದ ವ್ಯಾಪಾರಸ್ಥರು ಹಾಗೂ ಉದ್ದಿಮೆದಾರರು ಸರ್ಕಾರದ ಮುಂದಿಡುವ ಬೇಡಿಕೆಗಳು ಬಹುತೇಕ ಒಂದೇ ಬಗೆಯವು: ತಾರಾ ದರ್ಜೆಯ ಹೋಟೆಲು, ಹವಾನಿಯಂತ್ರಿತ ಯಾತ್ರಿನಿವಾಸ, ವೇಗದ ರೈಲು, ವಿಮಾನ. ಕಲಬುರಗಿ ವಿಮಾನ ನಿಲ್ದಾಣವು 2019ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. 2024ರ ಮಾರ್ಚ್‌ನಲ್ಲಿ ಕಲಬುರಗಿ-ಬೆಂಗಳೂರು ನಡುವೆ ವಂದೇ ಭಾರತ್ ರೈಲು ಬಂದಿತು. ಇವೆರಡೂ ಸ್ವಾಗತಾರ್ಹವೇ. ಆದರೆ ಇವುಗಳ ಸಂಭ್ರಮದಲ್ಲಿ ನಾವು ಗಣನೆಗೇ ತೆಗೆದುಕೊಳ್ಳದ ಒಬ್ಬ ಗ್ರಾಹಕನಿದ್ದಾನೆ. ಆತ ಸಾಮಾನ್ಯ ಬೋಗಿಯಲ್ಲಿ ಅಥವಾ ಸ್ಲೀಪರ್ ಬೋಗಿಯಲ್ಲಿ ಬರುತ್ತಾನೆ, ಬೆನ್ನಿಗೆ ಒಂದು ಚೀಲ ಹಾಕಿಕೊಂಡಿರುತ್ತಾನೆ, ಪ್ರತಿ ರೂಪಾಯಿಯನ್ನೂ ಎರಡು ಬಾರಿ ಎಣಿಸಿ ಕೊಡುತ್ತಾನೆ. ವಾಡಿ, ಚಿತ್ತಾಪುರ, ಸೇಡಂ, ಶಹಾಬಾದ್, ಚಿಂಚೋಳಿಗಳ ಮಟ್ಟಿಗೆ ಪ್ರವಾಸೋದ್ಯಮದ ನಿಜವಾದ ಬಂಡವಾಳ ಈತನೇ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಹಗುರ ಕಿಸೆಯವನಿಂದ ವ್ಯಾಪಾರವಾಗದು ಎಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಉಷ್ಣವಲಯದ ದೇಶಗಳ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಟೋನಿ ವೀಲರ್ ಮತ್ತು ಮೌರೀನ್ ವೀಲರ್ ದಂಪತಿಗಳು ಅತ್ಯಲ್ಪ ವೆಚ್ಚದಲ್ಲಿ ಆಗ್ನೇಯ ಏಷ್ಯಾವನ್ನು ಸುತ್ತುವ ಬಗೆಯನ್ನು ವಿವರಿಸುವ ಕೈಪಿಡಿಯನ್ನು 1975ರಲ್ಲಿ ಹೊರತಂದರು. ಅಂತಹ ಕೈಪಿಡಿಗಳನ್ನು ಹಿಡಿದು ಬಂದ ತರುಣರಿಗಾಗಿ ಥಾಯ್ಲೆಂಡ್, ಇಂಡೋನೇಷ್ಯಾ ದೇಶಗಳ ಊರುಗಳಲ್ಲಿ ಸಾವಿರಾರು ಕುಟುಂಬಗಳು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ತೆರೆದವು. ಬ್ಯಾಂಕಾಕಿನ ಖಾವೋಸಾನ್ ರಸ್ತೆಯ ಹೆಸರು ನಮ್ಮ ಅಡತಿ ವ್ಯಾಪಾರಸ್ಥರಿಗೆ ಆಸಕ್ತಿ ತರಬಹುದು. ಆ ಹೆಸರಿನ ಅರ್ಥ ಅಕ್ಕಿ ಎಂದು. ಅದು ಮೂಲತಃ ಅಕ್ಕಿ ಪೇಟೆ. 1980ರ ದಶಕದ ಆರಂಭದಲ್ಲಿ ಅಲ್ಲಿಯ ಕೆಲವು ಮನೆಯವರು ಬಡ ಪ್ರವಾಸಿಗರಿಗೆ ಕೋಣೆ ಕೊಡಲಾರಂಭಿಸಿದರು. ಮುಂದೆ ಅದು ಜಗತ್ತಿನಲ್ಲೇ ಅತ್ಯಂತ ಪ್ರಸಿದ್ಧವಾದ ಅಗ್ಗದ ವಸತಿ ಬೀದಿಯಾಯಿತು. ಆ ಬೀದಿಯ ಗದ್ದಲ, ಕುಡಿತಗಳನ್ನು ಯಾರೂ ಅನುಕರಿಸಬೇಕಾಗಿಲ್ಲ. ಆದರೆ ಧಾನ್ಯದ ಪೇಟೆಯೊಂದು ಹೊಸ ದಂಧೆಗೆ ಹೊರಳಿದ್ದು ದೊಡ್ಡ ಬಂಡವಾಳದಿಂದಲ್ಲ, ಮನೆಯವರ ಸಣ್ಣ ಬಂಡವಾಳದಿಂದ ಎಂಬುದನ್ನು ಗಮನಿಸಬೇಕು.

ನಮಗೆ ಇನ್ನೂ ಹತ್ತಿರದ ಹೋಲಿಕೆ ಥಾಯ್ಲೆಂಡಿನದೇ ಸುಖೋಥಾಯ್. ವಾಡಿ ಇರುವುದು ಸರಿಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸುಖೋಥಾಯ್ ಇರುವುದೂ ಅಲ್ಲಿಯೇ. ಅದು 13ನೆಯ ಶತಮಾನದಲ್ಲಿ ತಲೆಯೆತ್ತಿದ ರಾಜಧಾನಿ. 1991ರಲ್ಲಿ ಅದರ ಅವಶೇಷಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಊರಿಗೆ ರೈಲಿಲ್ಲ. ಕಡಿಮೆ ಖರ್ಚಿನ ಪ್ರವಾಸಿಗರು ಸುಮಾರು 60 ಕಿಲೋಮೀಟರ್ ದೂರದ ಫಿಟ್ಸಾನುಲೋಕ್ ರೈಲು ನಿಲ್ದಾಣದಲ್ಲಿ ಇಳಿದು, ಬಸ್ಸು ಹಿಡಿದು ಹೊಸ ಸುಖೋಥಾಯ್ ಪಟ್ಟಣಕ್ಕೆ ಬರುತ್ತಾರೆ. ಅಲ್ಲಿ ಯಾವುದಾದರೂ ಮನೆಯ ಕೋಣೆಯಲ್ಲಿ ತಂಗಿ, ಬೆಳಿಗ್ಗೆ ಸೊಂಗ್‌ತಾವ್ ಎಂಬ ವಾಹನದಲ್ಲಿ ಹನ್ನೆರಡು ಕಿಲೋಮೀಟರ್ ಆಚೆಯ ಹಳೆಯ ರಾಜಧಾನಿಗೆ ಹೋಗುತ್ತಾರೆ. ಸೊಂಗ್‌ತಾವ್ ಎಂದರೆ ಬೇರೇನೂ ಅಲ್ಲ, ಎದುರುಬದುರು ಬೆಂಚು ಹಾಕಿ ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಓಡುವ ಗಾಡಿ; ನಮ್ಮ ಟಂಟಂನ ದಾಯಾದಿ. ಹಳೆಯ ನಗರದ ಬಾಗಿಲಿನಲ್ಲಿ ಬಾಡಿಗೆ ಸೈಕಲ್ಲುಗಳ ಸಾಲು ನಿಂತಿರುತ್ತದೆ. ಕೋಣೆಯ ಬಾಡಿಗೆ, ಊಟ, ಗಾಡಿಯ ದರ, ಸೈಕಲ್ಲು, ಎಳನೀರು ಹೀಗೆ ಪ್ರವಾಸಿಯ ಹಣ ಐದಾರು ಕೈಗಳಿಗೆ ಹಂಚಿಹೋಗುತ್ತದೆ, ಆ ಕೈಗಳೆಲ್ಲ ಊರಿನವೇ.

ಇನ್ನು ನಮ್ಮ ಕಡೆಗೆ ನೋಡೋಣ. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮಾರ್ಗವು 1871ರಲ್ಲಿ ರಾಯಚೂರು ತಲುಪಿತು. 1874ರಲ್ಲಿ ನಿಜಾಮ ಸಂಸ್ಥಾನದ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಲಾರಂಭಿಸಿತು. ವಾಡಿ ಎಂಬ ಸಣ್ಣ ಊರು ಅಂದಿನಿಂದ ಮುಂಬಯಿ, ಚೆನ್ನೈ, ಹೈದರಾಬಾದ್ ದಿಕ್ಕುಗಳು ಸೇರುವ ಕೂಡು ನಿಲ್ದಾಣ. ಇಲ್ಲಿಂದ ಸಿಕಂದರಾಬಾದಿನ ದಾರಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳು ಒಂದರ ಹಿಂದೊಂದು ಬರುತ್ತವೆ. ರಾಯಚೂರಿನ ದಾರಿಯಲ್ಲಿ ನಾಲವಾರ, ಕಲಬುರಗಿಯ ದಾರಿಯಲ್ಲಿ ಶಹಾಬಾದ್. ಫಿಟ್ಸಾನುಲೋಕಿಗೆ ಇಲ್ಲದ ಅನುಕೂಲ ಇದು: ನಮ್ಮ ರಾಜಧಾನಿಯ ಬಾಗಿಲಿಗೆ ರೈಲೇ ಹೋಗುತ್ತದೆ.

ಆ ರಾಜಧಾನಿಯಾದರೂ ಸಾಮಾನ್ಯವಾದುದೇ? ಕಾಗಿಣಾ ನದಿಯ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ ಆಳಿದ ನಗರ. ಕ್ರಿ.ಶ. 851ರ ಸುಮಾರಿನಲ್ಲಿ ಸುಲೈಮಾನ್ ಎಂಬ ಅರಬ್ ವರ್ತಕನ ಹೆಸರಿನಲ್ಲಿ ಬಂದ ವೃತ್ತಾಂತವು ಇಲ್ಲಿಯ ಅರಸನನ್ನು ಜಗತ್ತಿನ ನಾಲ್ವರು ದೊಡ್ಡ ದೊರೆಗಳ ಸಾಲಿನಲ್ಲಿ ಎಣಿಸುತ್ತದೆ. ಇಂದು ಅಲ್ಲಿ ಕೋಟೆಯಿದೆ, ಪ್ರಾಚೀನ ಜೈನ ಬಸದಿಯಿದೆ, ಜಯತೀರ್ಥರ ಮೂಲ ವೃಂದಾವನವೆಂದು ಉತ್ತರಾದಿ ಮಠದವರು ಪೂಜಿಸುವ ಸನ್ನಿಧಿಯಿದೆ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿ ಕುಸಿದಾಗ ಅಶೋಕನ ಶಾಸನವಿರುವ ಶಿಲೆ ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಬೃಹತ್ ಸ್ತೂಪದ ಅವಶೇಷಗಳು ದೊರೆತವು. ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹದ ಕೆಳಗೆ ಸ್ವತಃ ಸಮ್ರಾಟನ ಉಬ್ಬುಶಿಲ್ಪ ಕಾಣಿಸಿಕೊಂಡಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದ ಘಟಿಕಾಸ್ಥಾನವಿತ್ತು. ಅದರ ಗ್ರಂಥಭಂಡಾರಿಗಳಿಗೂ ಉಂಬಳಿ ಇದ್ದುದನ್ನು ಶಾಸನ ಹೇಳುತ್ತದೆ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಿತವಾದ ವನ್ಯಜೀವಿಧಾಮ ಮತ್ತು ಚಂದ್ರಂಪಳ್ಳಿ ಜಲಾಶಯ. ಒಂದೇ ದಿನದ ಓಡಾಟದ ಅಂತರದಲ್ಲಿ ಇಷ್ಟನ್ನು ಇಟ್ಟುಕೊಂಡ ಪ್ರದೇಶಗಳು ಹೆಚ್ಚಿಲ್ಲ.

ಇಷ್ಟಿದ್ದರೂ ವಾಡಿಯಲ್ಲಿ ಇಳಿದ ಪ್ರವಾಸಿ ಮಾಡುವುದೇನು? ಮುಂದಿನ ರೈಲಿಗಾಗಿ ಪ್ಲಾಟ್‌ಫಾರ್ಮಿನ ಮೇಲೆ ಟವೆಲು ಹಾಸಿ ಮಲಗುತ್ತಾನೆ, ಒಂದು ಚಹಾ ಕುಡಿದು ಹೊರಟುಹೋಗುತ್ತಾನೆ. ನಮ್ಮ ಸಣ್ಣ ಪಟ್ಟಣಗಳ ಲಾಡ್ಜುಗಳು ನೆಚ್ಚಿಕೊಂಡಿರುವುದು ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆದಾರರು, ಎಂಜಿನಿಯರರು ಮತ್ತು ಔಷಧ ಕಂಪನಿಗಳ ಪ್ರತಿನಿಧಿಗಳನ್ನು. ಕಂಪನಿ ಬಿಲ್ಲು ಕೊಡುವ ಗಿರಾಕಿ ಇರುವಾಗ ಸ್ವಂತ ದುಡ್ಡಿನವನ ಗೋಜು ಯಾರಿಗೆ ಬೇಕು? ಕುಟುಂಬದೊಂದಿಗೆ ಬಂದವರಿಗೆ, ಒಂಟಿ ಮಹಿಳೆಯರಿಗೆ ಹಿಡಿಸುವ ಶುಚಿಯಾದ ಕೋಣೆ ಮಿತದರದಲ್ಲಿ ದೊರೆಯುವುದು ದುರ್ಲಭ. ವಿದೇಶೀಯರು ಬಂದರಂತೂ ‘ರೂಮು ಖಾಲಿ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ವಿದೇಶೀಯರು ತಂಗಿದ 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕೆಂಬ ನಿಯಮದ ಭಯವೇ ಇದಕ್ಕೆ ಮುಖ್ಯ ಕಾರಣ. ಒಮ್ಮೆ ಹೆಸರು ನೋಂದಾಯಿಸಿಕೊಂಡರೆ ಆ ಕೆಲಸ ಮೊಬೈಲಿನಲ್ಲೇ ಮುಗಿಯುತ್ತದೆ. ಇದನ್ನು ಲಾಡ್ಜಿನವರಿಗೆ ಕಲಿಸಲು ಅರ್ಧ ದಿನದ ತರಬೇತಿ ಸಾಕು. ನಮ್ಮ ವಾಣಿಜ್ಯ ಸಂಸ್ಥೆ ಅದನ್ನು ನಡೆಸಬಹುದು.

ಹಗುರ ಕಿಸೆಯವರೆಂದರೆ ವಿದೇಶೀಯರು ಮಾತ್ರವೆಂದು ಭಾವಿಸಬಾರದು. ವಾಸ್ತವವಾಗಿ ಅವರು ಬೆರಳೆಣಿಕೆಯಷ್ಟು. ಗಾಣಗಾಪುರ, ತುಳಜಾಪುರ, ಪಂಢರಪುರಗಳಿಗೆ ಹೋಗುವ ಭಕ್ತರು, ಬಂದೇನವಾಜರ ಉರುಸಿಗೆ ಬರುವವರು, 2009ರಲ್ಲಿ ಉದ್ಘಾಟನೆಗೊಂಡ ಕಲಬುರಗಿಯ ಬುದ್ಧ ವಿಹಾರವನ್ನು ನೋಡಲು ಮಹಾರಾಷ್ಟ್ರದಿಂದ ಬರುವ ಉಪಾಸಕರು, ಶಾಲಾ ಮಕ್ಕಳ ತಂಡಗಳು ಇವರೆಲ್ಲ ಇದೇ ವರ್ಗದವರು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಅವಕಾಶ ನೀಡಿದ ಮೇಲೆ ಕ್ಷೇತ್ರಗಳಲ್ಲಿ ಜನಸಂದಣಿ ಹೆಚ್ಚಿದ್ದನ್ನು ಎಲ್ಲರೂ ಕಂಡಿದ್ದೇವೆ. ಈ ಯೋಜನೆಯ ಕುರಿತು ನಮ್ಮ ಸದಸ್ಯರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಬಸ್ಸಿನ ದುಡ್ಡು ಉಳಿದ ತಾಯಂದಿರ ಕೈಯಲ್ಲಿ ಊಟಕ್ಕೆ, ತಂಗಲಿಕ್ಕೆ, ನಾಲ್ಕು ಸಾಮಾನು ಕೊಳ್ಳಲಿಕ್ಕೆ ಹಣವಿದೆ. ಅದನ್ನು ಪಡೆಯುವ ಅಂಗಡಿಯೇ ತೆರೆದಿಲ್ಲವಾದರೆ ದೋಷ ಯೋಜನೆಯದಲ್ಲ.

ಒಂದು ಊಹೆಯ ಲೆಕ್ಕವನ್ನು ಹಾಕೋಣ. ಕೋಣೆಗೆ 450, ಊಟ ತಿಂಡಿಗೆ 250, ಟಂಟಂ ಮತ್ತು ಇತರ ಖರ್ಚಿಗೆ 200, ಒಟ್ಟು ದಿನಕ್ಕೆ 900 ರೂಪಾಯಿ ವ್ಯಯಿಸುವ ಇಪ್ಪತ್ತು ಜನ ಪ್ರತಿ ರಾತ್ರಿ ವಾಡಿಯಲ್ಲಿ ಉಳಿದರೆ ದಿನಕ್ಕೆ 18,000 ರೂಪಾಯಿ. ನವೆಂಬರ್‌ನಿಂದ ಫೆಬ್ರವರಿಯವರೆಗಿನ 120 ದಿನಗಳಿಗೆ 21 ಲಕ್ಷ 60 ಸಾವಿರ. ಸಿಮೆಂಟ್ ಕಾರ್ಖಾನೆಯ ವಹಿವಾಟಿನ ಮುಂದೆ ಇದು ಏನೂ ಅಲ್ಲ. ಆದರೆ ಆ ವಹಿವಾಟಿನಲ್ಲಿ ವಾಡಿಯ ಖಾನಾವಳಿಯವನಿಗೆ ಎಷ್ಟು ಪಾಲು? ಈ ಹಣವಾದರೋ ಸಂಪೂರ್ಣವಾಗಿ ಪೇಟೆಯಲ್ಲೇ ಉಳಿಯುತ್ತದೆ. ಹೊಳಪಿನ ಟೈಲ್ಸುಗಳ ಪೈಪೋಟಿಯಿಂದ ಶಹಾಬಾದ್ ಕಲ್ಲಿನ ವ್ಯಾಪಾರ ಕುಗ್ಗಿ, ತರುಣರು ಪುಣೆ, ಮುಂಬಯಿ, ಹೈದರಾಬಾದುಗಳ ದಾರಿ ಹಿಡಿಯುತ್ತಿರುವಾಗ ಹತ್ತಿಪ್ಪತ್ತು ಕುಟುಂಬಗಳ ಜೀವನಾಧಾರವೆಂದರೆ ಅಲ್ಪವಲ್ಲ.

ತೆರಿಗೆಯ ದೃಷ್ಟಿಯಿಂದಲೂ ಕಾಲ ಅನುಕೂಲವಾಗಿದೆ. ದಿನಕ್ಕೆ 1,000 ರೂಪಾಯಿಯೊಳಗಿನ ಕೋಣೆಗಳಿಗೆ ಮೊದಲು ಜಿಎಸ್‌ಟಿ ವಿನಾಯಿತಿ ಇತ್ತು. 2022ರ ಜುಲೈ 18ರಿಂದ ಅದನ್ನು ತೆಗೆದು ಶೇ. 12 ವಿಧಿಸಲಾಯಿತು, ಬಡ ಪ್ರವಾಸಿಯ ಮೇಲೆ ಹಾಕಿದ ಈ ಭಾರ ಅನುಚಿತವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗಳಿಗೆ ದರ ಶೇ. 5ಕ್ಕೆ ಇಳಿದಿದೆ, ಇನ್‌ಪುಟ್ ತೆರಿಗೆಯ ಜಮೆ ಮಾತ್ರ ದೊರೆಯದು. ವಾರ್ಷಿಕ ವಹಿವಾಟು 20 ಲಕ್ಷ ಮೀರದ ಮನೆವಸತಿಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಕರ್ನಾಟಕದಲ್ಲಿ ಹಗುರ ಕಿಸೆಯ ಪ್ರವಾಸಿಗರನ್ನು ಅತಿ ಹೆಚ್ಚು ಸೆಳೆದ ಹಂಪಿಯಲ್ಲಿ ನಡೆದದ್ದೇನು? ಸ್ಮಾರಕಗಳ ಮಗ್ಗುಲಲ್ಲೇ ಅಂಗಡಿ, ಕೋಣೆಗಳು ಬೆಳೆದವು. 2011ರ ಜುಲೈನಲ್ಲಿ ಹಂಪಿ ಬಜಾರಿನ ಕಟ್ಟಡಗಳು ನೆಲಸಮವಾದವು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ವಿರೂಪಾಪುರ ಗಡ್ಡೆಯ ವಸತಿಗೃಹಗಳೂ ಉರುಳಿದವು. ವರ್ಷಗಳ ಕಾಲ ಆ ದಂಧೆಯನ್ನು ನಂಬಿದ್ದ ಕುಟುಂಬಗಳು ಬೀದಿಗೆ ಬಂದವು. ಅತಿಕ್ರಮಣವೆಂದು ಇಲಾಖೆಗಳು ಹೇಳಿದ್ದು ಸರಿಯೇ; ಅಷ್ಟು ವರ್ಷ ಅವೇ ಇಲಾಖೆಗಳು ಕಣ್ಣುಮುಚ್ಚಿ ಕುಳಿತದ್ದು ಮಾತ್ರ ಸರಿಯಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು 2010ರ ತಿದ್ದುಪಡಿಯ ನಂತರದ ಕಾನೂನು. ಆದ್ದರಿಂದ ಸನ್ನತಿಯಲ್ಲಾಗಲಿ ಮಳಖೇಡದ ಕೋಟೆಯ ಬುಡದಲ್ಲಾಗಲಿ ಕೋಣೆ ಕಟ್ಟಲು ಹೋಗಬೇಡಿ. ವಸತಿ ಇರಬೇಕಾದುದು ವಾಡಿ, ಚಿತ್ತಾಪುರ, ಸೇಡಂ ಪಟ್ಟಣಗಳಲ್ಲಿ, ರೈಲು ನಿಲ್ದಾಣದಿಂದ ನಡೆದುಹೋಗುವ ದೂರದಲ್ಲಿ. ಸ್ಮಾರಕಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಿದರಾಯಿತು.

ಹೇಗೆ ಕಟ್ಟಬೇಕೆಂಬುದರ ಬಗ್ಗೆಯೂ ಎರಡು ಮಾತು. ಉಷ್ಣ ಪ್ರದೇಶದಲ್ಲಿ ಕೋಣೆಯ ಅಗ್ಗತನವನ್ನು ನಿರ್ಧರಿಸುವುದು ಮಂಚ ಗಾದಿಗಳಲ್ಲ, ಸೆಕೆ. ಮೇ ತಿಂಗಳಿನಲ್ಲಿ ಪಾದರಸ 42 ಡಿಗ್ರಿ ದಾಟುವ ನಮ್ಮಲ್ಲಿ ಸಿಮೆಂಟ್ ಛಾವಣಿಯ ಕೋಣೆ ಹಗಲಿಡೀ ಕಾದು ರಾತ್ರಿಯಿಡೀ ಬಿಸಿಯುಗುಳುತ್ತದೆ. ಹವಾನಿಯಂತ್ರಕ ಹಾಕಿದರೆ ಕೋಣೆಯ ಬಾಡಿಗೆ ಹಗುರ ಕಿಸೆಗೆ ನಿಲುಕದು. ಸಿಮೆಂಟಿನ ನಾಡಿನಲ್ಲಿ ಕುಳಿತು ಈ ಮಾತು ಹೇಳುವುದು ಕೆಲವರಿಗೆ ರುಚಿಸಲಿಕ್ಕಿಲ್ಲ! ಆದರೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಶಹಾಬಾದ್ ಕಲ್ಲಿನ ನೆಲ, ನಡುವೆ ಅಂಗಳವಿದ್ದ ನಮ್ಮ ಹಿರಿಯರ ಮನೆಗಳು ಒಂದು ಫ್ಯಾನಿನಲ್ಲೇ ತಂಪಾಗಿರುತ್ತವೆ. ಸೇಡಂ, ಚಿತ್ತಾಪುರಗಳ ಹಳೆಯ ಓಣಿಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಗ ಬಿದ್ದಿರುವ ಅಂತಹ ಮನೆಗಳಿವೆ. ಅವುಗಳ ಮಾಳಿಗೆ ಸೋರದಂತೆ ಸರಿಪಡಿಸಿ, ಎರಡು ಶೌಚಾಲಯ ಕಟ್ಟಿಸಿ, ಸೊಳ್ಳೆ ಪರದೆ ತೂಗುಹಾಕಿದರೆ ಹೊಸ ಕಟ್ಟಡದ ಖರ್ಚೇ ಬೇಕಾಗಿಲ್ಲ. ಸುಣ್ಣದ ಕಲ್ಲಿನ ನೆಲವಾದ್ದರಿಂದ ಕೊಳವೆಬಾವಿಯ ನೀರು ಗಡುಸು. ಕುಡಿಯುವ ಶುದ್ಧ ನೀರನ್ನು ಮಾತ್ರ ಅತಿಥಿಗೆ ಪುಕ್ಕಟೆ ಕೊಡಲೇಬೇಕು. ಊಟಕ್ಕೆ ಪಂಜಾಬಿ ಪದಾರ್ಥಗಳ ಉದ್ದನೆಯ ಪಟ್ಟಿ ಬೇಡ. ಜೋಳದ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಶೇಂಗಾ ಹಿಂಡಿ, ತೊಗರಿಬೇಳೆಯ ಸಾರು ಸಾಕು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯನ್ನು ಅರ್ಧ ಕಿಲೋ ಪಾಕೀಟಿನಲ್ಲಿ ಕಟ್ಟಿ ಗಲ್ಲೆಯ ಪಕ್ಕದಲ್ಲಿಟ್ಟರೆ ಊಟ ಮಾಡಿದವರಲ್ಲಿ ಕೆಲವರಾದರೂ ಒಯ್ಯುತ್ತಾರೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಒಂದು ಭಾರಿ ಯಾತ್ರಿನಿವಾಸ ಕಟ್ಟಿ ಅದಕ್ಕೆ ಬೀಗ ಜಡಿಯುವುದಕ್ಕಿಂತ, ಇಂತಹ ಐವತ್ತು ಹಳೆಯ ಮನೆಗಳ ದುರಸ್ತಿಗೆ ಸಹಾಯಧನ ಕೊಡುವುದು ಲೇಸು. ಈ ಕುರಿತು ಸಂಸ್ಥೆಯ ಪ್ರವಾಸೋದ್ಯಮ ಉಪಸಮಿತಿಯು ಮಂಡಳಿಗೆ ಮನವಿ ಸಲ್ಲಿಸಬೇಕೆಂದು ವಿನಂತಿ. ಟಂಟಂ ಚಾಲಕರೊಂದಿಗೂ ಮಾತನಾಡಬೇಕಾಗಿದೆ. ಹೊಸ ಮುಖ ಕಂಡೊಡನೆ ಸನ್ನತಿಗೆ ಪೂರಾ ಗಾಡಿಯ ಬಾಡಿಗೆ ಕೇಳುವ ರೂಢಿ ಇರುವವರೆಗೆ ಎರಡನೆಯ ಪ್ರವಾಸಿ ಬರುವುದಿಲ್ಲ; ಮೊದಲನೆಯವನು ಹೋಗಿ ಹೇಳುತ್ತಾನಲ್ಲ. ವಾಡಿ ನಿಲ್ದಾಣದ ಹೊರಬಾಗಿಲಲ್ಲಿ ರೈಲ್ವೆಯವರ ಅನುಮತಿ ಪಡೆದು ಒಂದು ಫಲಕ ನಿಲ್ಲಿಸಬಹುದು. ಅದರಲ್ಲಿ ಮಳಖೇಡ, ಸನ್ನತಿ, ನಾಗಾವಿ, ಚಿಂಚೋಳಿಗಳಿಗೆ ಹೋಗುವ ರೈಲು, ಬಸ್ಸುಗಳ ವೇಳೆ, ತಲಾ ಟಂಟಂ ದರ, ಕೋಣೆ ಸಿಗುವ ಮನೆಗಳ ದೂರವಾಣಿ ಸಂಖ್ಯೆ ಕನ್ನಡ, ಹಿಂದಿ, ಇಂಗ್ಲಿಷ್, ತೆಲುಗು, ಮರಾಠಿಗಳಲ್ಲಿ ಇರಲಿ. ಫಲಕದ ಖರ್ಚನ್ನು ನಿಲ್ದಾಣದೆದುರಿನ ನಾಲ್ಕಾರು ಅಂಗಡಿಗಳವರೇ ಹಂಚಿಕೊಳ್ಳಬಹುದು. ನವೆಂಬರ್ ತಿಂಗಳು ಬರುವುದರೊಳಗೆ ಇಷ್ಟಾದರೂ ಆಗಬೇಕು.