ಸುತ್ತಿಗೆ ಎತ್ತುವ ಮೊದಲು



ಬ್ರೆಟ್ ದೊರೆಯ ಕೋಟೆಯ ಕಥೆಯನ್ನು ಹೊಸೂರಿನ ಹಳಬರು ಬಲ್ಲರು. ಸೇಲಂ ಜಿಲ್ಲೆಯ ಕಲೆಕ್ಟರಾಗಿದ್ದ ಆ ಆಂಗ್ಲ ಅಧಿಕಾರಿ 19ನೆಯ ಶತಮಾನದಲ್ಲಿ ತನ್ನ ನಾಡಿನ ಕೆನಿಲ್‌ವರ್ತ್ ಕೋಟೆಯ ಮಾದರಿಯಲ್ಲಿ ಹೊಸೂರಿನಲ್ಲಿ ಒಂದು ಮನೆ ಕಟ್ಟಿಸಿದ. ಪರದೇಶಕ್ಕೆ ಬಂದರೂ ಅವನಿಗೆ ತನ್ನೂರಿನಂಥ ಮನೆಯೇ ಬೇಕಾಗಿತ್ತು. ಕಾಲಕ್ರಮದಲ್ಲಿ ಆ ಕಟ್ಟಡ ಹಾಳುಬಿತ್ತು. ಈಗ ಕಾಲಚಕ್ರ ತಿರುಗಿದೆ. ಹೊಸೂರು, ಮತ್ತಿಗಿರಿ, ತಳಿ, ದೆಂಕಣಿಕೋಟೆ ಕಡೆಯ ನಮ್ಮ ಮಕ್ಕಳು ನರ್ಸುಗಳಾಗಿ, ಇಂಜಿನಿಯರುಗಳಾಗಿ ಇಂಗ್ಲೆಂಡಿಗೆ ಹೋಗುತ್ತಿದ್ದಾರೆ. ಅಲ್ಲಿ ನೆಲೆ ನಿಂತವರು ಬ್ಯಾಂಕಿನ ಸಾಲ ತೆಗೆದು ಹಳೆಯ ಮನೆ ಕೊಂಡು, ಅದನ್ನು ರಿಪೇರಿ ಮಾಡಿಸಿಕೊಳ್ಳುತ್ತಿದ್ದಾರೆ.

ಅಲ್ಲಿ ಹಳೆಯ ಮನೆಯೆಂದರೆ ನಿಜವಾಗಿಯೂ ಹಳೆಯದು. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು 1919ಕ್ಕಿಂತ ಮೊದಲೇ ಕಟ್ಟಿದ್ದು. ಕೂಲಿ ಬಹಳ ದುಬಾರಿ. ಆದುದರಿಂದ ಎಷ್ಟೋ ದಂಪತಿಗಳು ರಾತ್ರಿ ಪಾಳಿ ಮುಗಿಸಿ ಬಂದು, ರಜೆಯ ದಿನ ತಾವೇ ಸುತ್ತಿಗೆ ಹಿಡಿಯುತ್ತಾರೆ. ಇತ್ತ ಊರಿನಿಂದ ಫೋನಿನಲ್ಲಿ ಒಂದೇ ಪ್ರಶ್ನೆ: "ಎಷ್ಟಾಯಿತಪ್ಪಾ ಕೆಲಸ? ಮನೆ ಮಂತ್ರಿಸುವುದು ಯಾವಾಗ?" ಪ್ರೀತಿಯಿಂದ ಕೇಳುವ ಈ ಪ್ರಶ್ನೆಯ ಬಗ್ಗೆಯೇ ಈ ತಿಂಗಳು ನಾವು ಎರಡು ಮಾತು ಹೇಳಬೇಕೆಂದಿದ್ದೇವೆ. ಏಕೆಂದರೆ ಹಳೆಯ ಮನೆಗೆ ಅವಸರದಷ್ಟು ದೊಡ್ಡ ಶತ್ರು ಬೇರೊಂದಿಲ್ಲ.

ಮೊದಲು ಗೋಡೆಯ ವಿಷಯ. ತಳಿ, ಅಂಚೆಟ್ಟಿ ಕಡೆ ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದವರಿಗೆ ಇದು ಗೊತ್ತು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟರು ಟೊಳ್ಳಾಗಿ ಹಕ್ಕಳೆ ಏಳುತ್ತದೆ. ಮಣ್ಣು ಮತ್ತು ಸುಣ್ಣದ ಗಾರೆ ತೇವವನ್ನು ಎಳೆದುಕೊಂಡರೂ ಬಿಸಿಲು ಬಂದಾಗ ಹೊರಗೆ ಬಿಡುತ್ತವೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಇಂಗ್ಲೆಂಡಿನ ನೂರು ವರ್ಷದ ಇಟ್ಟಿಗೆ ಮನೆಯನ್ನೂ ಹೆಚ್ಚಾಗಿ ಸುಣ್ಣದ ಗಾರೆಯಲ್ಲೇ ಕಟ್ಟಿದ್ದಾರೆ. ಹೊಸದಾಗಿ ಕಾಣಲೆಂದು ಅದಕ್ಕೆ ಸಿಮೆಂಟು ಬಳಿದರೆ ಒಳಗೋಡೆಗೆ ಬೂಷ್ಟು ಹಿಡಿಯುತ್ತದೆ. ಮಕ್ಕಳಿಗೆ ಕೆಮ್ಮು ದಮ್ಮು ಬರುತ್ತದೆ. ಹಾಗೆಯೇ ಅಲ್ಲಿಯ ಗೋಡೆಗಳ ಬುಡದಲ್ಲಿ ಸಣ್ಣ ಗಾಳಿಕಿಂಡಿಗಳಿರುತ್ತವೆ. ಚಳಿ ಬರುತ್ತದೆಂದು ಹೊಸಬರು ಅವನ್ನು ಮುಚ್ಚಿಬಿಡುವುದುಂಟು. ಆದರೆ ಆ ಗಾಳಿ ಮರದ ನೆಲದ ಅಡಿಯಲ್ಲಿ ಆಡಬೇಕು. ಇಲ್ಲದಿದ್ದರೆ ತೊಲೆಗಳು ತೇವ ಹಿಡಿದು ಕೊಳೆಯುತ್ತವೆ. ಕಟ್ಟಿದವನು ಬಿಟ್ಟ ಕಿಂಡಿಗೆ ಒಂದು ಕಾರಣವಿತ್ತು. ಅದನ್ನು ಕೇಳಿ ತಿಳಿಯದೆ ಮುಚ್ಚಬಾರದು.

ಇದಕ್ಕಿಂತಲೂ ಗಂಭೀರವಾದುದು ಕಲ್ನಾರಿನ ವಿಷಯ. ನಮ್ಮ ಊರುಗಳಲ್ಲಿ ದನದ ಕೊಟ್ಟಿಗೆಗೂ ಬಡವರ ಮನೆಗೂ ಹೊದಿಸುವ ಆಸ್‌ಬೆಸ್ಟಾಸ್ ಶೀಟು ಭಾರತದಲ್ಲಿ ಇಂದಿಗೂ ಮಾರಾಟವಾಗುತ್ತದೆ. ಅದನ್ನು ನಾವು ಬರಿಗೈಯಲ್ಲೇ ಮುರಿದು ಎಸೆಯುತ್ತೇವೆ. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಉಳಿದ ಬಿಳಿ ಕಲ್ನಾರನ್ನು 1999ರಲ್ಲಿ ನಿಷೇಧಿಸಿದರು. ಹಾಗಾಗಿ 2000ಕ್ಕಿಂತ ಮೊದಲು ಕಟ್ಟಿದ ಅಥವಾ ರಿಪೇರಿಯಾದ ಯಾವ ಮನೆಯಲ್ಲಾದರೂ ಅದು ಇರಬಹುದು: ಕಾರಿನ ಶೆಡ್ಡಿನ ಮಾಡಿನಲ್ಲಿ, ನೆಲದ ಹಳೆಯ ಟೈಲಿನಲ್ಲಿ, ಪೈಪಿನ ಹೊದಿಕೆಯಲ್ಲಿ, ಛಾವಣಿಗೆ ಬಳಿದ ಉಬ್ಬುತಗ್ಗಿನ ಲೇಪದಲ್ಲಿ. ಗಟ್ಟಿಯಾಗಿದ್ದು, ಯಾರೂ ಮುಟ್ಟದಿದ್ದರೆ ಅದರಿಂದ ಅಪಾಯ ಕಡಿಮೆ. ಕೆರೆದಾಗ, ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಅಂದು ಏನೂ ಆಗುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ತಲೆಯೆತ್ತಬಹುದು. ಈಸ್ಟರ್ ಹಬ್ಬದೊಳಗೆ ಕೆಲಸ ಮುಗಿಯಲಿ ಎಂದು ತಂದೆ ಛಾವಣಿ ಕೆರೆಯುತ್ತಿರುವಾಗ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವೂ ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ. ಕೆರೆಯುವ ಮೊದಲು ಒಂದು ಚೂರನ್ನು ಬಲ್ಲವರಿಂದ ತೆಗೆಸಿ ಪರೀಕ್ಷೆಗೆ ಕಳುಹಿಸಲು ತಗಲುವುದು ಸ್ವಲ್ಪ ಹಣ, ಕೆಲವು ದಿನ. ಅವಸರದವರು ಆ ಕೆಲವು ದಿನಗಳನ್ನೇ ಉಳಿಸಲು ಹೋಗುತ್ತಾರೆ.

ನೆರೆಯವರ ಮಾತೂ ಇದೆ. ಅಲ್ಲಿಯ ಸಾಲುಮನೆಗಳಲ್ಲಿ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. 1996ರ ಕಾನೂನಿನ ಪ್ರಕಾರ ಅಂಥ ಗೋಡೆಯನ್ನು ಕತ್ತರಿಸುವ, ಎತ್ತರಿಸುವ ಕೆಲಸಕ್ಕೆ ಎರಡು ತಿಂಗಳು ಮೊದಲೇ ನೆರೆಯವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ಗ್ಯಾಸಿನ ಕೆಲಸವನ್ನು ನೋಂದಾಯಿತ ಇಂಜಿನಿಯರೇ ಮಾಡಬೇಕು. ಇವನ್ನೆಲ್ಲ ಬಿಳಿಯರ ಕಿರಿಕಿರಿ ಎಂದು ಗೊಣಗುವವರಿದ್ದಾರೆ. ಆದರೆ ಪವಿತ್ರ ಬೈಬಲಿನ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಹಾಕಬೇಕು. ಹಾಕದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ ಎಂಬ ಆಜ್ಞೆ ಅಲ್ಲಿದೆ. ಮನೆ ನಮ್ಮದಾದರೂ ಅದರಿಂದ ಇನ್ನೊಬ್ಬರಿಗೆ ಆಗುವ ಕೇಡಿಗೆ ನಾವೇ ಹೊಣೆ ಎಂಬುದು ದೇವರ ಕಟ್ಟಳೆ.

ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಜಮಾನನು ಯಾಜಕನನ್ನು ಕರೆಯಬೇಕು. ಯಾಜಕನು ಸಾಮಾನುಗಳನ್ನೆಲ್ಲ ಹೊರಗೆ ಇಡಿಸಿ, ಗೋಡೆ ನೋಡಿ, ಮನೆಯನ್ನು ಏಳು ದಿನ ಮುಚ್ಚಿಸಬೇಕು. ಆಮೇಲೆ ಬಂದು ಮತ್ತೆ ನೋಡಬೇಕು. ಬೂಷ್ಟು ಹರಡಿದ್ದರೆ ಕೆಟ್ಟ ಕಲ್ಲುಗಳನ್ನು ತೆಗೆಸಿ, ಹಳೆಯ ಗಾರೆ ಕೆರೆಸಿ, ಹೊಸದಾಗಿ ಬಳಿಸಬೇಕು. ಮತ್ತೆ ಕಾಣಿಸಿಕೊಂಡು ಹರಡಿದರೆ ಮಾತ್ರ ಮನೆ ಕೆಡವಬೇಕು. ನೋಡು, ಕಾಯಿ, ಮತ್ತೆ ನೋಡು, ಕೆಡವುವುದು ಕಟ್ಟಕಡೆಗೆ. ಮನೆ ಮಂತ್ರಿಸಲು ಮಾತ್ರ ಗುರುಗಳನ್ನು ಕರೆಯುವ ನಮಗೆ, ಗುರುವನ್ನು ಗೋಡೆ ಪರೀಕ್ಷಿಸಲು ಕಳುಹಿಸಿದ ದೇವರ ಮನಸ್ಸು ಅರ್ಥವಾಗಬೇಕು. ಒಳಗೆ ಬಾಳುವವರ ಉಸಿರಿನ ಮೇಲೂ ಅವರಿಗೆ ಕಾಳಜಿ.

ಆದುದರಿಂದ ಊರಿನಲ್ಲಿರುವ ತಾಯಿತಂದೆಯರಿಗೆ ನಮ್ಮ ವಿನಂತಿ. ಮಗನೋ ಮಗಳೋ ಫೋನು ಮಾಡಿದಾಗ "ಯಾವಾಗ ಮುಗಿಯುತ್ತದೆ?" ಎಂದು ಕೇಳುವುದನ್ನು ಸ್ವಲ್ಪ ನಿಲ್ಲಿಸಿ. "ಪರೀಕ್ಷೆ ಮಾಡಿಸಿದೆಯಾ? ಧೂಳಿನಲ್ಲಿ ಮಗುವನ್ನು ಮಲಗಿಸಿಲ್ಲ ತಾನೇ? ಭಾನುವಾರ ಪೂಜೆಗೆ ಹೋಗಿ, ಮಧ್ಯಾಹ್ನ ಎಲ್ಲರೂ ಕೂತು ಊಟ ಮಾಡಿದಿರಾ?" ಎಂದು ಕೇಳಿ. ನೆಂಟರ ಮನೆಯ ಫೋಟೊ ತೋರಿಸಿ ಹೋಲಿಸಬೇಡಿ. ಇಲ್ಲಿ ಹಳೆಯ ಶೀಟಿನ ಮಾಡು ತೆಗೆಸುವವರೂ ಅದನ್ನು ಒಡೆಯದೆ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಲಿ, ಮಕ್ಕಳು ದೂರವಿರಲಿ.

ನಜರೇತಿನಲ್ಲಿ ಬಡಗಿಯ ಕೆಲಸ ಮಾಡಿದ ಸಂತ ಜೋಸೆಫರು ಹೆರೋದನಿಂದ ಮಗುವನ್ನು ಉಳಿಸಲು ಈಜಿಪ್ಟಿನಲ್ಲಿ ಪರದೇಶಿಯಾಗಿ ಬಾಳಿದವರು. ಅಲ್ಲಿ ಅವರ ಮನೆ ಹೇಗಿತ್ತೆಂದು ಶುಭಸಂದೇಶ ಹೇಳುವುದಿಲ್ಲ. ಮಗುವನ್ನೂ ತಾಯಿಯನ್ನೂ ಸುರಕ್ಷಿತವಾಗಿ ಮರಳಿ ಕರೆತಂದರು ಎಂದಷ್ಟೇ ಹೇಳುತ್ತದೆ. ದೂರದೇಶದಲ್ಲಿ ಹಳೆಯ ಗೋಡೆಗಳ ನಡುವೆ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಅವರ ಆಶ್ರಯಕ್ಕೆ ಒಪ್ಪಿಸೋಣ.